ನಮೀಬಿಯಾ ಸಫಾರಿ: ಊರು ಕಮ್ಮಿ, ರಾತ್ರಿ ಜಾಸ್ತಿ

2022ರಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ಆಫ್ರಿಕಾದ ನಮೀಬಿಯಾದಿಂದ 8 ಚೀತಾಗಳು ಬಂದ ಮೇಲೆ ಆ ದೇಶದ ಹೆಸರು ನಮ್ಮ ಕಿವಿಗೆ ಚೆನ್ನಾಗಿ ಬಿತ್ತು. ಈಗ ಅಲ್ಲಿಗೆ ಹೊರಡುವ ಆಸೆಯೂ ಹಲವರಿಗಿದೆ. ಆದರೆ ಭೂಪಟ ಹರಡಿಕೊಂಡು ಏಳು ದಿನಕ್ಕೆ ಏಳು ಊರು ಬರೆಯಬೇಡಿ. ಅಲ್ಲಿ 300 ಕಿ.ಮೀ. ಅಂದರೆ ಪಕ್ಕದೂರು. ಅದೂ ಬಹಳ ಕಡೆ ಜಲ್ಲಿ ರಸ್ತೆ.

ಮೊದಲು ತಿಂಗಳು ಗೊತ್ತುಮಾಡಿ. ಮೇಯಿಂದ ಅಕ್ಟೋಬರ್‌ವರೆಗೆ ಒಣ ಕಾಲ. ಜುಲೈ ಕಳೆದಂತೆ ಕಾಡಿನ ಹೊಂಡಗಳು ಬತ್ತಿ, ಉಳಿದ ನೀರಿನ ಸುತ್ತ ಪ್ರಾಣಿಗಳು ಸೇರುತ್ತವೆ. ನಮ್ಮ ದಸರಾ ರಜೆಗೂ ಹೊಂದುತ್ತದೆ, ಆದರೆ ಆಗ ಬಿಸಿಲು ಜೋರು. ಜೂನ್, ಜುಲೈಯಲ್ಲಿ ಹೋದರೆ ಮರುಭೂಮಿಯ ರಾತ್ರಿಗೆ ಸ್ವೆಟರ್ ಸಾಲದು, ದಪ್ಪ ಜಾಕೆಟ್ ಬೇಕು.

ದಾರಿಗೆ ಹತ್ತು ರಾತ್ರಿ ಇಟ್ಟುಕೊಳ್ಳಿ. ರಾಜಧಾನಿ ವಿಂಡ್‌ಹುಕ್‌ನಲ್ಲಿ ಒಂದು, ನಮೀಬ್ ಮರುಭೂಮಿ ಉದ್ಯಾನದ ಗೇಟಿರುವ ಸೆಸ್ರೀಮ್‌ನಲ್ಲಿ ಎರಡು, ಕಡಲತೀರದ ಸ್ವಾಕೊಪ್ಮುಂಡ್‌ನಲ್ಲಿ ಎರಡು, ಕಲ್ಲಿನ ಮೇಲೆ ಕೆತ್ತಿದ ಪ್ರಾಣಿಚಿತ್ರಗಳಿರುವ ಟ್ವೈಫಲ್‌ಫೊಂಟೇನ್‌ನಲ್ಲಿ ಒಂದು, ವನ್ಯಜೀವಿಗಳ ದೊಡ್ಡ ಉದ್ಯಾನ ಎಟೋಶಾದಲ್ಲಿ ಮೂರು, ಕೊನೆಗೆ ಮತ್ತೆ ವಿಂಡ್‌ಹುಕ್. ದಿನ ಕಮ್ಮಿಯಿದ್ದರೆ ಸ್ವಾಕೊಪ್ಮುಂಡ್‌ನಿಂದ ಒಂದು ರಾತ್ರಿ ಕಿತ್ತುಹಾಕಿ. ಎಟೋಶಾ ಮುಟ್ಟಬೇಡಿ.

ಯಾಕೆ ಅಂದರೆ, ಬಂಡೀಪುರದಲ್ಲಿ ನಾವು ಜೀಪಿನಲ್ಲಿ ಪ್ರಾಣಿ ಹುಡುಕಿಕೊಂಡು ಹೋಗುತ್ತೇವೆ. ಎಟೋಶಾದಲ್ಲಿ ಕೂತು ಕಾಯುವುದೇ ಕೆಲಸ. ಉದ್ಯಾನದೊಳಗಿನ ಓಕಾಕ್ವೇಯೋ ಕ್ಯಾಂಪಿನ ನೀರುಹೊಂಡಕ್ಕೆ ರಾತ್ರಿಯಿಡೀ ದೀಪ ಇರುತ್ತದೆ. ಗಿಡ್ಡ ಕಲ್ಲಿನ ಗೋಡೆ, ಈಚೆ ಬೆಂಚಿನ ಮೇಲೆ ನಾವು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಕತ್ತಲಿಂದ ಒಂದು ಕಪ್ಪು ಘೇಂಡಾಮೃಗ ಸದ್ದಿಲ್ಲದೆ ಬಂದು ಬಾಯಿ ಹಾಕುತ್ತದೆ. ನೀರು ಹೀರುವ ಸದ್ದು ಬೆಂಚಿನ ತನಕ ಕೇಳುತ್ತದೆ. ಒಂದೇ ರಾತ್ರಿ ಉಳಿದವರು ಪ್ರಯಾಣದ ಸುಸ್ತಿಗೆ ಹೋಗಿ ಮಲಗಿಬಿಡುತ್ತಾರೆ, ಪಾಪ.

ಮೂರನೇದು, ಟೂರಿನವರನ್ನು ಆರಿಸುವುದು. ದರ ಕೇಳುವ ಮೊದಲು ಈ ಪ್ರಶ್ನೆ ಕೇಳಿ: ಸೆಸ್ರೀಮ್‌ನಲ್ಲಿ ವಸತಿ ಉದ್ಯಾನದ ಗೇಟಿನ ಒಳಗೋ ಹೊರಗೋ? ಒಳಗಿದ್ದವರಿಗೆ ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆಯೇ ದಾರಿ ತೆರೆಯುತ್ತದೆ. ಕೆಂಪು ಮರಳುದಿಬ್ಬಗಳ ನಡುವಿನ ಸೋಸಸ್‌ಫ್ಲೇಗೆ ಅಲ್ಲಿಂದ ಸುಮಾರು 65 ಕಿ.ಮೀ. ಕೊನೆಯ 5 ಕಿ.ಮೀ. ಬರೀ ಮರಳು, ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಪಕ್ಕದ ಡೆಡ್‌ಫ್ಲೇಯ ಬಿಳಿ ನೆಲದಲ್ಲಿ ನೂರಾರು ವರ್ಷದ ಹಿಂದೆ ಸತ್ತ ಮರಗಳು ಇನ್ನೂ ನಿಂತಿವೆ. ಗಾಳಿ ಅಷ್ಟು ಒಣ, ಕೊಳೆಯುವುದೇ ಇಲ್ಲ. ಬಿಸಿಲೇರಿದ ಮೇಲೆ ಹೋದರೆ ಫೋಟೋ ಬಿಡಿ, ಕಾಲಿಡಲೂ ಕಷ್ಟ.

ಗುಂಪಿನಲ್ಲಿ ಎಷ್ಟು ಜನ, ಎಲ್ಲರಿಗೂ ಕಿಟಕಿ ಸೀಟು ಇದೆಯಾ, ಉದ್ಯಾನದ ಶುಲ್ಕ ಸೇರಿದೆಯಾ, ಇವನ್ನೂ ಬರೆಸಿಕೊಳ್ಳಿ. ಅಗ್ಗದ ಕ್ಯಾಂಪಿಂಗ್ ಟೂರುಗಳಲ್ಲಿ ಡೇರೆ ನೀವೇ ಹಾಕಬೇಕಾಗಬಹುದು. ಅಪ್ಪ ಅಮ್ಮ ಜತೆಗಿದ್ದರೆ ಲಾಡ್ಜ್ ಟೂರೇ ವಾಸಿ.

ಕಾಗದಪತ್ರ: ವೀಸಾ ನಿಯಮವನ್ನು ಅವರ ಸರ್ಕಾರಿ ಜಾಲತಾಣದಲ್ಲೇ ನೋಡಿ. ಇಥಿಯೋಪಿಯಾ ಮೂಲಕ ವಿಮಾನ ಹಿಡಿಯುವವರು, ಅಲ್ಲಿ ಕಾಯುವ ಹೊತ್ತು ಜಾಸ್ತಿಯಿದ್ದರೆ, ಹಳದಿ ಜ್ವರದ ಲಸಿಕೆ ಪತ್ರ ಬೇಕಾ ಅಂತ ಮೊದಲೇ ವಿಚಾರಿಸಿ. ಎಟೋಶಾ ಕಡೆ ಮಲೇರಿಯಾ ಭಯವಿದೆ, ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ನಮೀಬಿಯಾದಲ್ಲಿ ಸರಿಸಮಾನವಾಗಿ ನಡೆಯುತ್ತದೆ. ನಮೀಬಿಯಾ ಡಾಲರ್ ಮಾತ್ರ ದಕ್ಷಿಣ ಆಫ್ರಿಕಾದಲ್ಲಿ ನಡೆಯಲ್ಲ, ನಮೀಬಿಯಾದಲ್ಲೇ ಖರ್ಚು ಮಾಡಿ ಬನ್ನಿ.

ಗಟ್ಟಿ ಸೂಟ್‌ಕೇಸ್ ಬೇಡ, ಬಟ್ಟೆಯ ಬ್ಯಾಗೇ ಗಾಡಿಯಲ್ಲಿ ಸುಲಭವಾಗಿ ಕೂರುತ್ತದೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ, ಮಾಂಸದೂಟವೇ ಜಾಸ್ತಿ ಇರುವ ದೇಶ ಅದು. ಚಟ್ನಿಪುಡಿ ಡಬ್ಬಿ ಇರಲಿ. ಚಾರ್ಜರಿಗೆ ಅಡಾಪ್ಟರ್ ಹುಡುಕುವಾಗ ನಮ್ಮನೆ ಗೀಸರ್ ಪ್ಲಗ್ಗನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಗೋಡೆಯಲ್ಲೂ ಅದೇ ಥರದ ದಪ್ಪ ಮೂರು ತೂತು.