ಮಾತ್ರೆ ಆಯ್ತು, ಮನಸ್ಸಿಗೇನು?

ಎಚ್‌ಐವಿ ಇದೆ ಅಂತ ರಿಪೋರ್ಟ್ ಬಂದು ಒಂಬತ್ತು ವರ್ಷ ಆಯ್ತು. ಮೊದಲ ಎರಡು ವರ್ಷ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆ: ನನಗೇ ಯಾಕೆ? ಉತ್ತರ ಸಿಗಲಿಲ್ಲ, ನಿದ್ದೆ ಮಾತ್ರ ಹೋಯಿತು. ನಿಮಗೂ ಹಾಗೇ ಆಗಿದ್ದರೆ ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. 'ನಾಳೆ ನನ್ನ ದಾರಿ ಕಾಯುವವರು ಯಾರಿದ್ದಾರೆ?' ಅಂತ ಕೇಳಿಕೊಳ್ಳಿ. ಮಗು, ಗಿಡ, ಅರ್ಧಕ್ಕೆ ನಿಂತ ಹೊಲಿಗೆ, ಯಾವುದಾದರೂ ಸರಿ.

ಮೊದಲು ಭಯ ಕಳೆಯಬೇಕು. ಅಕ್ಕನ ಕೂಸನ್ನು ಎತ್ತಿಕೊಳ್ಳಲು ನಾನು ಹೆದರುತ್ತಿದ್ದೆ. ಮುಟ್ಟಿದರೆ, ಜೊತೆಗೆ ಉಂಡರೆ ಇದು ಹರಡಲ್ಲ ಅಂತ ಗೊತ್ತಿತ್ತು, ಆದರೂ ಕೈ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ಅಕ್ಕ ಏನೂ ಹೇಳದೆ ಮಗುವನ್ನು ನನ್ನ ಹೆಗಲಿಗೆ ಹಾಕಿ ಒಳಗೆ ಹೋದಳು. ಅದು ನನ್ನ ಕಾಲರ್ ಹಿಡಿದುಕೊಂಡೇ ನಿದ್ದೆ ಹೋಯಿತು. ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆ. ಸಂಗಾತಿ ಇರುವವರು ಇದನ್ನೂ ತಿಳಿದಿರಿ: ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆ ತಪ್ಪದೆ ತಗೊಂಡು, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಎಣಿಕೆ) ಮಿಲಿಲೀಟರಿಗೆ 200ಕ್ಕಿಂತ ಕಡಿಮೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅವರಿಗೆ ಸೋಂಕು ದಾಟುವುದಿಲ್ಲ.

ಇನ್ನು ನೋಟ್‌ಬುಕ್. ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇಡಿ. ರಾತ್ರಿ ಒಂಬತ್ತಕ್ಕೆ ಅಲಾರಂ ಹೊಡೆದಾಗ ಮಾತ್ರೆ ನುಂಗಿ, ಅವತ್ತಿನ ಒಂದು ಒಳ್ಳೆಯ ಗಳಿಗೆಯ ಬಗ್ಗೆ ಒಂದೇ ಸಾಲು ಬರೆಯಿರಿ. 'ಪಕ್ಕದ ಮನೆ ಹುಡುಗಿಗೆ ಭಿನ್ನರಾಶಿ ಹೇಳಿಕೊಟ್ಟೆ', ಇಂಥದ್ದು. ಏನೂ ಇಲ್ಲದ ದಿನ ಬರೀ ತಾರೀಖು ಹಾಕಿ, ಸುಳ್ಳು ಖುಷಿ ಬರೆಯಬೇಡಿ. 1990ರ ದಶಕದಲ್ಲಿ ಸೂಸನ್ ಫೋಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ, ಏಡ್ಸ್ ಆದ ಸಂಗಾತಿಯ ಆರೈಕೆ ಮಾಡುತ್ತಿದ್ದ ಗಂಡಸರ ಅಧ್ಯಯನ ನಡೆಸಿದರು. ಬರೀ ಕಷ್ಟದ್ದೇ ಕೇಳುತ್ತೀರಿ, ಒಳ್ಳೆಯದನ್ನು ಯಾಕೆ ಕೇಳಲ್ಲ ಅಂತ ಆ ಗಂಡಸರೇ ಕೇಳಿದರಂತೆ. ಅಂಥ ಸಂಕಟದಲ್ಲೂ ಅವರಿಗೆ ಹೇಳಿಕೊಳ್ಳಲು ಒಳ್ಳೆಯ ಗಳಿಗೆಗಳಿದ್ದವು.

ಯಾರಿಗೆ ಹೇಳಬೇಕು ಅನ್ನೋದರಲ್ಲಿ ಅವಸರ ಬೇಡ. ಗುಟ್ಟು ಉಳಿಸಿಕೊಳ್ಳುವ ಒಬ್ಬರು ಸಾಕು.

ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ನಿದ್ದೆ, ಊಟ ಸೇರದಿದ್ದರೆ, ನೋಟ್‌ಬುಕ್ ನಂಬಿಕೊಂಡು ಕೂರಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ. ಎಫಾವಿರೆಂಜ್ ಎಂಬ ಔಷಧ ಇರುವ ಎಚ್‌ಐವಿ ಮಾತ್ರೆಯಿಂದ ಕೆಲವರಿಗೆ ಕೆಟ್ಟ ಕನಸು, ಮಂಕುತನ ಬರುತ್ತದೆ. ಹಾಗಾದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬೇರೆ ಮಾತ್ರೆ ಕೊಡಿ ಅಂತ ಡಾಕ್ಟರನ್ನು ಕೇಳಿ.