ಫರ್ನೇಸ್ ಬ್ಲೋವರ್ ತಿರುಗಲಿಲ್ಲವೆಂದು ಮೋಟಾರ್ ತರಿಸುವ ಮೊದಲು

ಬರ್ನರ್ ಹೊತ್ತುತ್ತದೆ, ವೆಂಟಿನಲ್ಲಿ ಮಾತ್ರ ಗಾಳಿಯೇ ಇಲ್ಲ. ಎರಡು-ಮೂರು ನಿಮಿಷಕ್ಕೆ ಉರಿ ಆರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊತ್ತುತ್ತದೆ. ಮಿನ್ನೆಸೋಟದ ಜನವರಿ ಚಳಿಯಲ್ಲಿ ಮನೆ ಬೆಚ್ಚಗಿಡುವ ನಮ್ಮ ಗ್ಯಾಸ್ ಫರ್ನೇಸಿಗೆ ಬಂದ ರೋಗ ಇದು. ತಪ್ಪು ಗ್ಯಾಸಿನದಲ್ಲ. ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನ್, ಬಿಸಿಯನ್ನು ಹೊತ್ತೊಯ್ಯದಿದ್ದರೆ ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ವಿಪರೀತ ಕಾಯುತ್ತದೆ, ಆಗ ಲಿಮಿಟ್ ಸ್ವಿಚ್ ಬರ್ನರನ್ನು ನಿಲ್ಲಿಸುತ್ತದೆ. ಆ ಸ್ವಿಚ್ಚಿಗೆ ವೈರ್ ಅಡ್ಡಹಾಕಿ ಓಡಿಸುವ ಬುದ್ಧಿವಂತಿಕೆ ಬೇಡ. ಎಕ್ಸ್‌ಚೇಂಜರ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಬರಬಹುದು.

ಫರ್ನೇಸ್ ಬಾಗಿಲ ಸ್ವಿಚ್ ನೋಡಿ, ಕಂಟ್ರೋಲ್ ಬೋರ್ಡಿನ ಫ್ಯೂಸ್ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವೆರಡರಲ್ಲಿ ಒಂದು ಹೋಗಿದ್ದರೂ ಬರ್ನರ್ ಹೊತ್ತುವುದೇ ಇಲ್ಲ. ಉರಿ ಕಾಣುತ್ತಿದ್ದರೆ ಅಲ್ಲಿ ಹೊತ್ತು ಕಳೆಯಬೇಡಿ. ನಾನು ಮೊದಲು ಮಾಡಿದ್ದು ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ‘ಆಟೋ’ದಿಂದ ‘ಆನ್’ಗೆ ಹಾಕಿದ್ದು. ಹಾಗೆ ತಿರುಗಿ, ಹೀಟಿಂಗಿನಲ್ಲಿ ಮಾತ್ರ ತಿರುಗದಿದ್ದರೆ ಮೋಟಾರ್ ಚೆನ್ನಾಗಿದೆ, ಅನುಮಾನ ಹೀಟಿಂಗಿನಲ್ಲಿ ಫ್ಯಾನಿಗೆ ಕರೆಂಟ್ ಬಿಡುವ ಬೋರ್ಡಿನ ಸ್ವಿಚ್ಚಾದ ಹೀಟ್ ರಿಲೇ ಮೇಲೆ. ನಮ್ಮದು ಎರಡರಲ್ಲೂ ತಿರುಗಲಿಲ್ಲ. ಕಿವಿಗೊಟ್ಟರೆ ಸಣ್ಣಗೆ ‘ಗುಂಯ್’ ಎನ್ನುತ್ತಿತ್ತು.

ಈ ಸದ್ದೇ ದಾರಿ ಕವಲೊಡೆಯುವ ಜಾಗ. ಸದ್ದಿದ್ದರೆ ಕರೆಂಟ್ ಮೋಟಾರಿನವರೆಗೆ ಬರುತ್ತಿದೆ. ಪೂರ್ತಿ ಮೌನವಾಗಿದ್ದರೆ ಬೋರ್ಡಿನ ‘ಹೀಟ್’ ಟರ್ಮಿನಲ್ ಮತ್ತು ನ್ಯೂಟ್ರಲ್ ನಡುವೆ 120 ವೋಲ್ಟ್ ಬರುತ್ತಿದೆಯೇ ಅಳೆಯಬೇಕು. ಬರದಿದ್ದರೆ ಬೋರ್ಡು, ಬಂದರೆ ಮೋಟಾರು.

ಬ್ರೇಕರ್ ಇಳಿಸಿ ಬ್ಲೋವರಿನ ಚಕ್ರವನ್ನು ಕೈಯಿಂದ ತಿರುಗಿಸಿದೆ. ಬಿಗಿಯಾಗಿದ್ದರೆ, ಕೆರೆದಂತಾದರೆ ಬೇರಿಂಗ್ ಹೋಗಿದೆ. ನಮ್ಮದು ಸಲೀಸಾಗಿ ಹಲವು ಸುತ್ತು ಸುತ್ತಿತು. ಚಕ್ರ ಸಡಿಲ, ಒಳಗೆ ಗುಂಯ್‌ಗುಡುವ ಸದ್ದು: ಊರಿನ ಮನೆಯ ಸೀಲಿಂಗ್ ಫ್ಯಾನಿಗೆ ಕೋಲಿನಿಂದ ತಿವಿದು ಚಾಲೂ ಮಾಡಿದವರಿಗೆ ಇದು ಹಳೆಯ ಪರಿಚಯ. ಮೋಟಾರ್ ಚಾಲೂ ಆಗಿ ಓಡಲು ನೆರವಾಗುವ ಕೆಪಾಸಿಟರ್.

ಬ್ಲೋವರ್ ಗೂಡಿನ ಪಕ್ಕಕ್ಕೆ ಪಟ್ಟಿಯಲ್ಲಿ ಕಟ್ಟಿದ, ಸಣ್ಣ ಮೊಟ್ಟೆಯಾಕಾರದ ತಗಡಿನ ಡಬ್ಬಿ ಅದು. ಎರಡು ಕಂದು ವೈರ್. ಕರೆಂಟ್ ಕಡಿದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ, ಆದ್ದರಿಂದ 20 ಸಾವಿರ ಓಮ್, 5 ವ್ಯಾಟ್ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಎರಡು ಕಾಲಿಗೂ ಕೆಲವು ಸೆಕೆಂಡ್ ತಾಗಿಸಿದೆ. ವೈರ್ ಕಳಚಿ ಮೀಟರ್ ಇಟ್ಟರೆ 4.2 ಮೈಕ್ರೋಫ್ಯಾರಡ್. ಲೇಬಲ್ ಹೇಳುವುದು 7.5, ಐದು ಪರ್ಸೆಂಟ್ ಹೆಚ್ಚುಕಮ್ಮಿ, ಅಂದರೆ 7.1ಕ್ಕಿಂತ ಕೆಳಗಿಳಿಯಬಾರದು. ಡಬ್ಬಿ ಉಬ್ಬಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಕಣ್ಣಿನ ಪರೀಕ್ಷೆಯನ್ನು ನಂಬಬೇಡಿ.

ಹೊಸದು ಹತ್ತಿಪ್ಪತ್ತು ಡಾಲರಿನ ಮಾತು. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ‘ಸ್ವಲ್ಪ ಜಾಸ್ತಿ ಇದ್ದರೆ ಜೋರಾಗಿ ತಿರುಗೀತು’ ಎಂದು 10 ಹಾಕಿದರೆ ಸುರುಳಿ ಕಾದು ಸುಡುತ್ತದೆ. ವೋಲ್ಟೇಜ್ ಮಾತ್ರ ಹೆಚ್ಚಿದ್ದರೆ ತೊಂದರೆಯಿಲ್ಲ. 370ರ ಜಾಗಕ್ಕೆ 440 ಹಾಕಬಹುದು. ಯಾವ ವೈರ್ ಯಾವ ಕಾಲಿಗೆ ಎಂಬ ಚಿಂತೆಯೂ ಇಲ್ಲ.

ಕೆಪಾಸಿಟರ್ ಸರಿಯಿದ್ದೂ ತಿರುಗದಿದ್ದರೆ ಸುರುಳಿಯ ಓಮ್ ಅಳೆಯಿರಿ. ಕಾಮನ್ ವೈರಿನಿಂದ ಪ್ರತಿ ಸ್ಪೀಡಿನ ವೈರಿಗೂ ಕೆಲವೇ ಓಮ್ ಬರಬೇಕು, ಮೋಟಾರಿನ ಮೈಗೆ ಸಂಪರ್ಕವೇ ಇರಬಾರದು, ಅಂದರೆ ಓಪನ್ ತೋರಿಸಬೇಕು. ಬಿಸಿ ಮೋಟಾರಿನಲ್ಲಿ ಸುರುಳಿಯೇ ಓಪನ್ ತೋರಿಸಿದರೆ ಆರಲು ಬಿಟ್ಟು ಇನ್ನೊಮ್ಮೆ ಅಳೆಯಿರಿ, ಮೋಟಾರ್ ಕಾದಾಗ ಕರೆಂಟ್ ಕಡಿಯುವ ಒಳಗಿನ ಓವರ್‌ಲೋಡ್ ಸ್ವಿಚ್ ತೆರೆದುಕೊಂಡಿರಬಹುದು. ಇಸಿಎಂ, ಅಂದರೆ ಎಲೆಕ್ಟ್ರಾನಿಕ್ಸ್ ನಡೆಸುವ ಮೋಟಾರಿದ್ದವರಿಗೆ ಈ ಲೆಕ್ಕ ನಡೆಯದು; ಅದಕ್ಕೆ ಈ ಬಗೆಯ ಹೊರಗಿನ ಕೆಪಾಸಿಟರೇ ಇಲ್ಲ.

ಸೊರಗಿದ ಕೆಪಾಸಿಟರಿನಲ್ಲಿ ಓಡಿದ ಮೋಟಾರ್ ಎಷ್ಟು ಬಳಲಿದೆಯೋ ಎಂದು, ಹೊಸದು ಹಾಕಿದ ಮೇಲೆ ಕೊನೆಗೆ ವೈರನ್ನು ಸುತ್ತ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ ನೋಡಿದೆ. ಬಾಗಿಲು ತೆರೆದು ಅಳೆದರೆ ಆಂಪ್ ಹೆಚ್ಚೇ ತೋರುತ್ತದೆ, ಏಕೆಂದರೆ ಫಿಲ್ಟರಿನ ತಡೆಯಿಲ್ಲದೆ ಚಕ್ರ ಹೆಚ್ಚು ಗಾಳಿ ಎಳೆಯುತ್ತದೆ. ಕ್ಲ್ಯಾಂಪನ್ನು ವೈರಿಗೆ ಸಿಕ್ಕಿಸಿ ಬಾಗಿಲು ಮುಚ್ಚಿದೆ. ಮೋಟಾರಿನ ಮೇಲೆ 5.6 ಆಂಪ್ ಎಂದಿತ್ತು, ಮೀಟರಿನಲ್ಲಿ ಚಾಲೂ ಆಗುವಾಗಿನ ಏರಿಕೆ ಬಿಟ್ಟರೆ 4.9ರಲ್ಲಿ ನಿಂತಿತು.