ಒಂದು ಕಲ್ಯಾಣಿಗೆ ಮೂರು ಲೆಕ್ಕದ ದುಡ್ಡು

2021ರ ಫೆಬ್ರುವರಿಯಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾದ ದಿನವೇ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿದೆ: "ನಮ್ಮ ಹತ್ರ ಎಷ್ಟು ದುಡ್ಡಿದೆ ಸಾರ್?" ಅವರು, "ಯಾವ ದುಡ್ಡು ಮೇಡಂ?" ಅಂದರು. ಆ ಮರುಪ್ರಶ್ನೆ ಪೂರ್ತಿ ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು.

ನಮ್ಮೂರ ನಡುವೆ ಒಂದು ಹಳೇ ಕಲ್ಯಾಣಿ ಇದೆ. ಊರು ಬೆಳೆದದ್ದೇ ಅದರ ಸುತ್ತ. ಕೊಳವೆ ಬಾವಿ, ನಲ್ಲಿ ಬಂದ ಮೇಲೆ ಅದರ ಗೊಡವೆಗೆ ಯಾರೂ ಹೋಗಲಿಲ್ಲ. ಹೊಂಗೆ ಎಲೆ, ಪ್ಲಾಸ್ಟಿಕ್ಕು, ಮೇಲಿನ ಬೀದಿಯ ಬಚ್ಚಲು ನೀರು ಎಲ್ಲಾ ಅಲ್ಲೇ ಸೇರಿತು. ನಾತಕ್ಕೆ ಸುತ್ತಲಿನ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಕೆಲವರು ಹೊಲದ ಕಡೆ ಮನೆ ಕಟ್ಟಿಕೊಂಡರು, ಕೆಲವರು ಬೆಂಗಳೂರು ಸೇರಿದರು. ಊರಿನ ಹೊಟ್ಟೆಯೇ ಬರಿದಾಗಿತ್ತು.

ವಾರ್ಡ್ ಸಭೆಯಲ್ಲಿ ಎಲ್ಲರೂ ಕೇಳಿದ್ದು ಸಿಸಿ ರಸ್ತೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ, "ಬೋರು ಬತ್ತೋದ್ಮೇಲೆ ನಿಮ್ ರೋಡಲ್ಲಿ ನೀರು ಹರೀತದಾ? ಕಲ್ಯಾಣಿ ನೋಡ್ರಪ್ಪ ಮೊದ್ಲು" ಅಂದರು. ಅದನ್ನು ಹಾಗೇ ಬರೆಸಿಕೊಂಡೆ. 2021ರ ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಓದಿಸಿ 2022-23ರ ಕ್ರಿಯಾ ಯೋಜನೆಗೆ ಸೇರಿಸಿದೆವು. ಗ್ರಾಮಸಭೆಯ ನಡಾವಳಿಯಲ್ಲಿ ಇಲ್ಲದ ಕೆಲಸಕ್ಕೆ ಆಮೇಲೆ ಎಷ್ಟು ಓಡಾಡಿದರೂ ಫಲವಿಲ್ಲ. ಪಂಚಾಯ್ತಿಗೆ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ದುಡ್ಡು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಆಗ ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ನಮ್ಮ ಇಷ್ಟಕ್ಕೆ ಬಿಟ್ಟದ್ದು, ಆದರೆ ಸಂಬಳಕ್ಕೆ, ಕಚೇರಿ ಖರ್ಚಿಗೆ ಮುಟ್ಟುವಂತಿರಲಿಲ್ಲ. ನರೇಗಾದ, ಅಂದರೆ ಉದ್ಯೋಗ ಖಾತ್ರಿಯ ಬಗೆಯೇ ಬೇರೆ ಇತ್ತು. ಅಲ್ಲಿ ಕೂಲಿ ನೇರವಾಗಿ ಕೆಲಸಗಾರರ ಖಾತೆಗೆ ಹೋಗುತ್ತಿತ್ತು. ಲೆಕ್ಕದಲ್ಲಿ ಕೂಲಿಯ ಪಾಲು ಶೇ 60ಕ್ಕೆ ಕಡಿಮೆ ಇರುವಂತಿರಲಿಲ್ಲ, ಸಾಮಗ್ರಿ ಶೇ 40 ದಾಟುವಂತಿರಲಿಲ್ಲ. ಕಲ್ಲು ಕೆಲಸದ ಮೇಸ್ತ್ರಿಯ ಕೂಲಿಯೂ ಸಾಮಗ್ರಿಯ ಲೆಕ್ಕಕ್ಕೇ ಬೀಳುತ್ತಿತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಮೂರನೆಯದು ಮನೆ ಕಂದಾಯ, ನೀರಿನ ತೆರಿಗೆಯಿಂದ ಬರುವ ನಮ್ಮ ಸ್ವಂತ ದುಡ್ಡು.

ಹಾಗಾಗಿ ಕೆಲಸವನ್ನೇ ಒಡೆದೆವು. ಹೂಳು ತೆಗೆಯೋದು, ಮೆಟ್ಟಿಲು ಕೂರಿಸೋದು ನರೇಗಾಕ್ಕೆ. ಬಚ್ಚಲು ನೀರನ್ನು ತಿರುಗಿಸುವ ಚರಂಡಿ ಆಯೋಗದ ನೈರ್ಮಲ್ಯದ ದುಡ್ಡಿಗೆ, ಮಳೆನೀರು ಕಲ್ಯಾಣಿಗೆ ಬರುವ ಕಾಲುವೆ ಅದರ ನೀರಿನ ದುಡ್ಡಿಗೆ. ಆಮೇಲಿನ ನಿಗಾ ಸ್ವಂತ ದುಡ್ಡಿಗೆ. ಮೊದಲ ಎಸ್ಟಿಮೇಟಿನಲ್ಲಿ ಸುತ್ತ ಕಾಂಕ್ರೀಟ್ ಗೋಡೆ ಬರೆದಿತ್ತು. ಹಳೇ ಕಲ್ಲನ್ನೇ ಮತ್ತೆ ಕೂರಿಸಬೇಕೆಂದು ಹಟ ಹಿಡಿದೆ. ಸಾಮಗ್ರಿ ಖರ್ಚು ಇಳಿಯಿತು, ಲೆಕ್ಕವೂ ಸರಿಹೋಯಿತು.

2022ರ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಅದೇ ತಿಂಗಳ 24ಕ್ಕೆ ಕೆರೆ ಕಟ್ಟುವ, ಸರಿಪಡಿಸುವ ಅಮೃತ ಸರೋವರ ಯೋಜನೆ ಘೋಷಣೆಯಾದಾಗ, ಕಲ್ಯಾಣಿಯನ್ನು ಅದಕ್ಕೇ ಸೇರಿಸಿ ಎಂದು ಹೇಳಿದವರುಂಟು. ಅದಕ್ಕೆ ಕನಿಷ್ಠ ಒಂದು ಎಕರೆ ವಿಸ್ತೀರ್ಣ, 10,000 ಘನ ಮೀಟರ್ ನೀರು ಹಿಡಿಯುವ ಜಾಗ ಬೇಕಿತ್ತು. ನಮ್ಮದು ಕಾಲು ಎಕರೆಯೂ ಇಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಜೆಸಿಬಿ ಬಿಟ್ಟರೆ ಎರಡು ದಿನದ ಕೆಲಸ ಅಂದವರೂ ಇದ್ದರು. ನರೇಗಾದಲ್ಲಿ ಆಳು ಮಾಡುವ ಕೆಲಸಕ್ಕೆ ಯಂತ್ರ ಇಳಿಸುವಂತಿರಲಿಲ್ಲ. ಇಳಿಸಿ, ಜನರ ಹೆಸರಲ್ಲಿ ಎನ್‌ಎಂಆರ್ (ಹಾಜರಿ ಪಟ್ಟಿ) ತೆಗೆದರೆ ಅದು ಕಳ್ಳತನ. ಅಲ್ಲದೆ ಜೆಸಿಬಿ ಬಕೆಟ್ಟು ಒಂದು ಸಲ ಬಡಿದರೆ ಆ ಮೆಟ್ಟಿಲುಗಳು ಉಳಿಯುತ್ತಿರಲಿಲ್ಲ.

ಕೆಲಸ ಕೇಳುವ ಅರ್ಜಿ, ನಮೂನೆ 6 ತುಂಬಿಕೊಟ್ಟು ಕೆಲಸಕ್ಕೆ ಬಂದವರು 32 ಜನ. ಹೆಚ್ಚಿನವರು ಹೆಂಗಸರೇ. ಒಬ್ಬರು ಕೆಳಗೆ ಗುದ್ದಲಿಯಲ್ಲಿ ಬಾಂಡ್ಲಿ ತುಂಬಿದರೆ, ಉಳಿದವರು ಮೆಟ್ಟಿಲಿಗೊಬ್ಬರಂತೆ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕಪ್ಪು ಹೂಳು ತೊಟ್ಟಿಕ್ಕುತ್ತಾ ಮೇಲೆ ಬರುತ್ತಿತ್ತು. ಮೊಣಕೈವರೆಗೆ ಅಂಟಿದ್ದು ಒಣಗಿದರೆ ಚರ್ಮ ಬಿಗಿಯುತ್ತಿತ್ತು.

ಮೊದಲ ವಾರದ ಕೂಲಿ ಖಾತೆಗೆ ಬಿದ್ದ ದಿನ ಮೂವರು ಮನೆಗೇ ಬಂದರು. "ಅಕ್ಕ, ಆರು ದಿನ ಹೂಳು ಹೊತ್ತೀವಿ, ಸಾವ್ರದಿನ್ನೂರರವತ್ತು ಬಂದೈತೆ. ಇದೇನ್ ನ್ಯಾಯ?" ಆ ವರ್ಷದ ಕೂಲಿ ದಿನಕ್ಕೆ 309 ರೂಪಾಯಿ, ಇವರಿಗೆ ಸಿಕ್ಕಿದ್ದು 210. ನನಗೆ ಊಟ ಸೇರಲಿಲ್ಲ. ಮಾರನೇ ದಿನ ಎಸ್ಟಿಮೇಟ್ ಮುಂದಿಟ್ಟುಕೊಂಡು ಸಾಲು ಸಾಲು ಓದಿಸಿದೆ. ನರೇಗಾದಲ್ಲಿ ಕೂಲಿ ಬೀಳುತ್ತಿದ್ದುದು ಅಳತೆ ಪುಸ್ತಕದಲ್ಲಿ ಬರೆದ ಕೆಲಸದ ಮೇಲೆ. ಎಸ್ಟಿಮೇಟಿನಲ್ಲಿ ಮಾಮೂಲಿ ಮಣ್ಣಿನ ದರ ಹಾಕಿದ್ದರು, ಲಿಫ್ಟ್, ಅಂದರೆ ಆಳದಿಂದ ಎತ್ತುವ ದರ ಹಾಕಿರಲೇ ಇಲ್ಲ. ಒಂದೂವರೆ ಮೀಟರ್‌ಗಿಂತ ಮೇಲಕ್ಕೆ ಎತ್ತಿದ ಮಣ್ಣಿಗೆ ಹೆಚ್ಚಿನ ದರ ಸಿಗಬೇಕು. ನಮ್ಮವರು ಹದಿನೈದು ಅಡಿ ಆಳದಿಂದ ಒದ್ದೆ ಹೂಳು ಎತ್ತುತ್ತಿದ್ದರು! ಎಂಜಿನಿಯರನ್ನು ಕಲ್ಯಾಣಿಯ ತಳಕ್ಕೇ ಕರೆದುಕೊಂಡು ಹೋಗಿ ಒಂದು ಬಾಂಡ್ಲಿ ಎತ್ತಿ ನೋಡಿ ಅಂದೆ. ಎತ್ತಿದರು. ಎಸ್ಟಿಮೇಟ್ ತಿದ್ದಿದರು. ಮುಂದಿನ ವಾರಗಳಿಂದ ಪೂರ್ತಿ 309 ಬಂತು. ಮೊದಲ ವಾರದ ಕೊರತೆ ಮಾತ್ರ ತುಂಬಿಕೊಡಲು ಆಗಲಿಲ್ಲ. ಆ ಸಂಕಟ ನನ್ನಲ್ಲಿ ಹಾಗೇ ಇದೆ. ಕೆಲಸ ಶುರುವಾಗುವ ಮೊದಲೇ ಆ ಹಾಳೆಯನ್ನು ನಾನು ಓದಬೇಕಿತ್ತು.

ಮೇ ಮಧ್ಯದಿಂದ 20 ಅಥವಾ ಹೆಚ್ಚು ಜನರಿರುವ ಕಡೆ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. ಕಲ್ಯಾಣಿಯ ಗುಂಡಿಯಲ್ಲಿ ನೆಟ್‌ವರ್ಕ್ ಇಲ್ಲ. ಎಲ್ಲರನ್ನೂ ಮೇಲೆ ಹತ್ತಿಸಿ ನಿಲ್ಲಿಸಿ ಫೋಟೊ ತೆಗೆದು, ಹಾಜರಿ ನೋಡಿಕೊಳ್ಳುವ ಕಾಯಕ ಬಂಧು ಹುಡುಗಿ ದೇವಸ್ಥಾನದ ಕಟ್ಟೆಗೆ ಓಡಿ ಅಪ್‌ಲೋಡ್ ಮಾಡುತ್ತಿದ್ದಳು. ಅವಳ ನಿಷ್ಠೆಯಿಂದ ಒಬ್ಬರ ಒಂದು ದಿನದ ಹಾಜರಿಯೂ ತಪ್ಪಲಿಲ್ಲ.

ಚರಂಡಿ, ಕಾಲುವೆ ಸಲೀಸಾಗಿ ಮುಗಿದವು. ನಿಂತದ್ದು ಸಾಮಗ್ರಿ ಬಿಲ್ಲು. ನರೇಗಾದಲ್ಲಿ ಕೂಲಿ ಬೇಗ ಬರುತ್ತಿತ್ತು, ಸಾಮಗ್ರಿ ದುಡ್ಡಿಗೆ ಕಾಯಬೇಕಿತ್ತು. ಮೇಸ್ತ್ರಿಗೆ ಎರಡು ತಿಂಗಳೆಂದು ಮಾತು ಕೊಟ್ಟಿದ್ದೆ, ಏಳು ತಿಂಗಳಾಯಿತು. ಮಧ್ಯೆ ಆತ ಮಗಳ ಕಾಲೇಜು ಫೀಸಿಗೆ ಸಾಲ ಮಾಡಬೇಕಾಯಿತು. ಸಣ್ಣ ಕಸುಬುದಾರರನ್ನು ಇಷ್ಟು ದಿನ ಕಾಯಿಸುವ ಪದ್ಧತಿ ಬದಲಾಗಲೇಬೇಕು. ಆಮೇಲೆ ನಾನು ಯಾರಿಗೂ ತಿಂಗಳ ಲೆಕ್ಕ ಹೇಳಲಿಲ್ಲ. "ತಡವಾಗುತ್ತೆ, ಒಪ್ಪಿಗೆ ಇದ್ರೆ ಮಾತ್ರ ಕೈ ಹಾಕಿ" ಅಂತ ಮೊದಲೇ ಹೇಳಿಬಿಡುತ್ತಿದ್ದೆ.

ಆ ವರ್ಷ ಮಳೆ ಜೋರು. ಆಗಸ್ಟ್‌ನಲ್ಲಿ ಹೊಸ ಕಾಲುವೆಯಲ್ಲಿ ಕೆಂಪು ನೀರು ಬಂದು ಬಿದ್ದಾಗ ಊರೇ ಬಂದು ನಿಂತಿತ್ತು. ಸುತ್ತಲಿನ ಬೀಗ ಹಾಕಿದ ಮನೆಗಳಲ್ಲಿ ಎರಡು ಮನೆಗೆ ದೀಪಾವಳಿಗೆ ಸುಣ್ಣ ಬಿತ್ತು. ಒಂದರಲ್ಲಿ ಈಗ ಹಾಲಿನ ಡೇರಿ ಇದೆ.

ಮೇಸ್ತ್ರಿಗೆ ದುಡ್ಡು ಬಂದದ್ದು ಮುಂದಿನ ವರ್ಷದ ಫೆಬ್ರುವರಿಯಲ್ಲಿ. ತಳದಿಂದ ಮೂರನೇ ಮೆಟ್ಟಿಲಿನ ಒಂದು ಕಲ್ಲು ಸಡಿಲವಾಗಿಯೇ ಉಳಿದಿತ್ತು. ಅದನ್ನು ಕೂರಿಸಲು ಉಳಿ, ಸುತ್ತಿಗೆ ಹಿಡಿದು ತಾನಾಗಿಯೇ ಬಂದ. ಕಲ್ಲು ನೀರೊಳಗಿತ್ತು. "ಬೇಸಿಗೇಲಿ ನೀರು ಇಳೀಲಿ, ಬರ್ತೀನಿ ಅಕ್ಕ" ಅಂದು ಹೋದ. ಏಪ್ರಿಲ್ ಕೊನೆಗೆ ಬಂದು ನೋಡಿದಾಗಲೂ ಅದರ ಮೇಲೆ ಮೊಣಕಾಲುದ್ದ ನೀರಿತ್ತು.